ಕಳ್ಳನ ಮಾತನ್ನೂ ಕೇಳಿಸಿಕೊಂಡವರಿಗೆ

ಹೋದ ವಾರ ಮೆಣಸು ಕೊಯ್ಯಲು ಏಣಿ ಹತ್ತಿದ್ದೆ. ಮೊಬೈಲಿಗೆ ಬ್ಯಾಂಕಿನ ಮೆಸೇಜು ಬಂತು. ಪರಿಹಾರದ ದುಡ್ಡು ಖಾತೆಗೆ ಬಿದ್ದಿತ್ತು. ಇಳಿದು ಬಂದು ಮರದ ಬುಡದಲ್ಲಿ ಸುಮ್ನೆ ಕೂತೆ. ಎಷ್ಟು ಅಂತ ಬರೆಯುವುದಿಲ್ಲ, ಸಾಲ ಕೇಳುವವರು ಜಾಸ್ತಿಯಾಗುತ್ತಾರೆ. ನನ್ನ ಹೆಸರನ್ನೂ ಹಾಕುತ್ತಿಲ್ಲ.

2014ರಲ್ಲಿ ನನಗೆ ಹನ್ನೆರಡು ವರ್ಷ. ಅಪ್ಪ ತೀರಿಕೊಂಡ ಮೇಲೆ ಮಕ್ಕಳನ್ನು ಇಟ್ಟುಕೊಳ್ಳುವ ಒಂದು ಸಂಸ್ಥೆಗೆ ಸೇರಿಸಿದರು. ನಮ್ಮನ್ನು ನೋಡಿಕೊಳ್ಳಬೇಕಾದವನೇ ರಾತ್ರಿ ಬರುತ್ತಿದ್ದ. ಬೀಗದ ಕೈ ಗೊಂಚಲನ್ನು ಕರ್ಚೀಫಿನಲ್ಲಿ ಸುತ್ತಿಕೊಂಡಿರುತ್ತಿದ್ದ. ಆದರೂ ಕಿಣಿ ಅನ್ನುವುದು ಕೇಳಿಸುತ್ತಿತ್ತು. ಇಷ್ಟು ಸಾಕು. ಎರಡು ವರ್ಷಕ್ಕೆ ಓಡಿಬಂದೆ. ಆಮೇಲೆ ಕುಡಿತ, ಜಗಳ, ಕೊನೆಗೆ ಸಕಲೇಶಪುರದ ಕಡೆ ತೋಟವೊಂದರಿಂದ ಎರಡು ಮೂಟೆ ಕರಿಮೆಣಸು ಕದ್ದ ಕೇಸು. ಕದ್ದದ್ದು ನಿಜ. ಜೈಲಿಗೂ ಹೋದೆ.

ಮೊದಲ ನಮಸ್ಕಾರ ಜೈಲಿಗೆ ಬರುತ್ತಿದ್ದ ಪ್ಯಾರಾ ಲೀಗಲ್ ಅಕ್ಕನಿಗೆ, ಅಂದರೆ ಕಾನೂನಿನ ವಿಷಯದಲ್ಲಿ ನಮ್ಮಂಥವರಿಗೆ ನೆರವಾಗುವ ಸ್ವಯಂಸೇವಕಿಗೆ. ಅಪೀಲಿನ ವಿಷಯ ಕೇಳಲು ಬಂದವರು ಸ್ಕೂಟಿ ಕೀಯನ್ನು ಮೇಜಿನ ಮೇಲಿಟ್ಟರು. ಸದ್ದಿಗೆ ನಾನು ಬೆವೆತೆ. "ಯಾಕೋ ತಮ್ಮ?" ಅಂದರು. ಏಳು ವರ್ಷದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ.

ಅವರಿಂದ ವಕೀಲೆ ಮೇಡಂ ಸಿಕ್ಕರು. ಜೈಲಿನಲ್ಲಿರುವವರಿಗೆ ಫೀಸಿಲ್ಲದೆ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನಿನಲ್ಲೇ ಇದೆಯಂತೆ. "ನಾನೇ ಕಳ್ಳ, ನನಗ್ಯಾರು ಪರಿಹಾರ ಕೊಡ್ತಾರೆ ಮೇಡಂ?" ಅಂದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾನೂನಿನ 2020ರ ನಿಯಮ ತೆಗೆದು ಓದಿದರು. ಎಷ್ಟು ಪೆಟ್ಟಾಗಿದೆ, ಓದು ನಿಂತಿತಾ, ಕೆಲಸ ಹೋಯಿತಾ, ಇಂಥದ್ದನ್ನು ನೋಡಬೇಕು. ಆರೋಪಿ ಖುಲಾಸೆಯಾದರೂ ಪರಿಹಾರ ಕೊಡಿಸಬಹುದು. ಆದೇಶ ತಲುಪಿದ 30 ದಿನದೊಳಗೆ ಸರ್ಕಾರ ದುಡ್ಡು ಕೊಡಬೇಕು. (ನನಗೆ ಜಾಸ್ತಿಯೇ ಹಿಡಿಯಿತು, ಇರಲಿ ಬಿಡಿ.)

ಆಸ್ಟ್ರೇಲಿಯಾದ ಕಥೆಯನ್ನೂ ಅವರೇ ಹೇಳಿದರು. ಮಕ್ಕಳಾಗಿದ್ದಾಗ ಸಂಸ್ಥೆಗಳಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದವರಿಗೆ ಅಂತಲೇ 2018ರಲ್ಲಿ ಅಲ್ಲಿ ಪರಿಹಾರ ಯೋಜನೆ ಶುರುವಾಯಿತು. ಆದರೆ ಐದು ವರ್ಷ ಅಥವಾ ಜಾಸ್ತಿ ಶಿಕ್ಷೆಯಾದವರನ್ನು ಬೇರೆಯಾಗಿ ತೂಗಿ ನೋಡುತ್ತಿದ್ದರು. ಜೈಲಿನಲ್ಲಿದ್ದರೆ ಸಾಮಾನ್ಯವಾಗಿ ಅರ್ಜಿಯನ್ನೇ ಹಾಕುವಂತಿರಲಿಲ್ಲ. 2024ರಲ್ಲಿ ಅದನ್ನು ಸಡಿಲಿಸಿದರು. ಕೇಳಿ ಸಿಟ್ಟು ಬಂತು. ಅವನು ಮೈ ಮುಟ್ಟಿದಾಗ ನಾವಿನ್ನೂ ಏನನ್ನೂ ಕದ್ದಿರಲಿಲ್ಲ, ಅಲ್ವಾ?

ಅವನ ಮೇಲಿನ ಕೇಸು ನಡೆದಾಗ ಹಾಸನದ ಕೋರ್ಟಿನಲ್ಲಿ ಅವನ ಕಡೆಯ ವಕೀಲರು ನನ್ನ ಮೆಣಸಿನ ಕೇಸಿನ ಕಾಗದ ಎತ್ತಿ ಹಿಡಿದರು. "ಕಳ್ಳನ ಮಾತು ನಂಬಬೇಕಾ ಸ್ವಾಮಿ?" ಕಾಲು ನಡುಗಿತು. ನ್ಯಾಯಾಧೀಶರು ತಲೆ ಎತ್ತದೆ, "ಅದಕ್ಕೆ ಶಿಕ್ಷೆ ಮುಗಿದಿದೆ. ಮುಂದಿನ ಪ್ರಶ್ನೆ ಕೇಳಿ" ಅಂದರು. ಅಷ್ಟೇ ಮಾತು. ಅವರಿಗೆ ನೆನಪಿರಲಿಕ್ಕಿಲ್ಲ.

ಚಿಕ್ಕಮ್ಮನಿಗೆ ಏನು ಹೇಳಲಿ? ಪ್ರತಿ ವಾಯಿದೆಗೂ ಬೆಳಿಗ್ಗೆಯ ಮೊದಲ ಬಸ್ಸು ಹತ್ತಿ, ಅಕ್ಕಿರೊಟ್ಟಿ ಕಟ್ಟಿಕೊಂಡು ಬಂದು ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದರು. ಒಳಗೆ ಏನಾಯಿತು ಅಂತ ಒಂದು ದಿನವೂ ಕೇಳಲಿಲ್ಲ. ಇನ್ನು ಈಗ ನಾನು ಕೆಲಸ ಮಾಡುವ ತೋಟದ ಸಾಹುಕಾರ್ರು. ಮೆಣಸು ಕದ್ದವನ ಕೈಗೇ ಮೆಣಸಿನ ಗೋದಾಮಿನ ಬೀಗ ಕೊಟ್ಟರು. ನನ್ನನ್ನು ಕೇಳಿದರೆ, ನಾನಾಗಿದ್ದರೆ ಕೊಡುತ್ತಿರಲಿಲ್ಲ.

ಆ ಸಂಸ್ಥೆಯಲ್ಲಿ ನನ್ನ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದ ಹುಡುಗ ಇವತ್ತು ಜೈಲಿನಲ್ಲಿದ್ದಾನೆ. ಅವನದು ನನ್ನದಕ್ಕಿಂತ ದೊಡ್ಡ ಕೇಸು. "ನನಗೆಲ್ಲಿ ಕೊಡ್ತಾರೋ" ಅನ್ನುತ್ತಾನೆ. ಮೇಡಂ ವಕಾಲತ್ತಿನ ಫಾರಂ ಕೊಟ್ಟಿದ್ದಾರೆ. ಸೋಮವಾರ ಹೋಗಿ ಅವನ ಸಹಿ ತರಬೇಕು.