ರೊಟ್ಟಿ ಹಿಟ್ಟು, ಹಳದಿ ಉರಿ

ಮಾನ್ಯರೇ,

ರಾಯಚೂರು ಭಾಗದಲ್ಲಿ ದಿನಾ ಜೋಳದ ರೊಟ್ಟಿ ಸುಡುವ ಗ್ಯಾಸ್ ಒಲೆಗಳಲ್ಲಿ, ಉದುರಿದ ಹಿಟ್ಟು ಬರ್ನರ್ ತೂತುಗಳಲ್ಲಿ ಕರಕಲಾಗಿ ಕೂರುತ್ತದೆ. ಉರಿ ಹಳದಿಯಾಗುತ್ತದೆ, ಹಂಚಿಗೆ ಮಸಿ ಹತ್ತುತ್ತದೆ, ಗ್ಯಾಸ್ ದಂಡವಾಗುತ್ತದೆ. ವಾರಕ್ಕೊಮ್ಮೆ ರೆಗ್ಯುಲೇಟರ್ ಬಂದ್ ಮಾಡಿ, ತಣ್ಣಗಾದ ಬರ್ನರನ್ನು ಸೋಪು ಹಾಕಿದ ಬಿಸಿನೀರಲ್ಲಿ ಅರ್ಧ ತಾಸು ನೆನೆಸಿ, ತೂತುಗಳನ್ನು ಪಿನ್ನಿನಿಂದ ಬಿಡಿಸಿ, ಪೂರ್ತಿ ಒಣಗಿಸಿಯೇ ಕೂಡಿಸಬೇಕು. ಕೆಳಗಿನ ಹಿತ್ತಾಳೆ ಜೆಟ್‌ಗೆ (ಗ್ಯಾಸ್ ಚಿಮ್ಮುವ ಸಣ್ಣ ಮೂತಿಗೆ) ಮಾತ್ರ ಸೂಜಿ ಚುಚ್ಚಲೇಬಾರದು. ಅದರ ತೂತು ಹಿಗ್ಗಿದರೆ ಗ್ಯಾಸ್ ಹೆಚ್ಚಿ, ಗಾಳಿ ಸಾಲದೆ ಮತ್ತೆ ಹಳದಿ ಉರಿಯೇ.

ಸ್ನಾನದ ನೀರನ್ನೂ ಇದೇ ಒಲೆಯಲ್ಲಿ ಕಾಯಿಸುವ ಮನೆಗಳಿವೆ. 15 ಲೀಟರ್ ನೀರು 25ರಿಂದ 45 ಡಿಗ್ರಿಗೆ ಏರಲು ಸುಮಾರು 50 ಗ್ರಾಂ ಗ್ಯಾಸ್ ಬೇಕು. ದಿನಕ್ಕೊಂದು ಬಕೆಟ್ ಎಂದರೂ ತಿಂಗಳಿಗೆ ಒಂದೂವರೆ ಕೆ.ಜಿ., ಅಂದರೆ 14.2 ಕೆ.ಜಿ. ಸಿಲಿಂಡರಿನ ಹತ್ತನೇ ಒಂದು ಪಾಲು! ಇಷ್ಟು ಬಿಸಿಲಿರುವ ನಮ್ಮೂರಲ್ಲಿ ಸೋಲಾರ್ ಹೀಟರ್ ಹಾಕಿಸುವುದೇ ಮೇಲು.

– ಗ್ಯಾಸ್ ಒಲೆ ದುರಸ್ತಿಗಾರರು, ರಾಯಚೂರು