ಅಕ್ಕಡಿ ಸಾಲಿಗೂ ಜಾಗವಿರಲಿ

ಮಾನ್ಯರೇ,

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದಂದಿನಿಂದ ರಾಗಿಯ ಬಗೆಗಿನ ಮಾತಿಗೆ ಬರವಿಲ್ಲ. ಆದರೆ ಮಾಗಡಿ, ಕುಣಿಗಲ್, ಕೋಲಾರದ ಕಡೆಯ ಖುಷ್ಕಿ ಹೊಲಗಳಲ್ಲಿ ರಾಗಿಯ ಜೊತೆಗೇ ಬರುತ್ತಿದ್ದ ಅವರೆ, ತೊಗರಿ, ಅಲಸಂದೆಗಳ ಅಕ್ಕಡಿ ಸಾಲು (ರಾಗಿ ಸಾಲುಗಳ ನಡುವೆ ಬಿತ್ತುವ ಬೇರೆ ಬೆಳೆಯ ಸಾಲು) ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದು ಚರ್ಚೆಗೇ ಬರುತ್ತಿಲ್ಲ.

ಇದು ರೈತರ ಅಸಡ್ಡೆಯಿಂದ ಆದದ್ದಲ್ಲ. ಆಳೆತ್ತರದ ತೊಗರಿ ಕೊಯ್ಲು ಯಂತ್ರಕ್ಕೆ ಅಡ್ಡ ಬರುತ್ತದೆ. ಅಗಲೆಲೆ ಕಳೆಗೆಂದು ರಾಗಿಗೆ ಹೊಡೆಯುವ 2,4-ಡಿ ಕಳೆನಾಶಕ ಅವರೆಯನ್ನೂ ಸುಡುತ್ತದೆ. ಕೂಲಿಯಾಳು ಸಿಗದ ಊರಿನಲ್ಲಿ ಇವೆರಡನ್ನೂ ಬಿಡಿ ಎಂದು ಉಪದೇಶಿಸಿ ಫಲವಿಲ್ಲ.

ಹಾಗೆಂದು ಕೈಬಿಡಬಹುದಾದ ಪದ್ಧತಿಯೂ ಇದಲ್ಲ. ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಹರಡಿದರೆ ತೊಗರಿಯ ತಾಯಿಬೇರು ಆಳಕ್ಕಿಳಿಯುವುದರಿಂದ, ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟು ರಾಗಿ ಜೊಳ್ಳಾದರೂ, ಹಿಂಗಾರಿನ ಒಂದೆರಡು ಹದಮಳೆ ಸಿಕ್ಕರೆ ಮನೆಗಾಗುವಷ್ಟು ಬೇಳೆ ಕಾಳಿಗೆ ಮೋಸವಾಗುವುದಿಲ್ಲ. ಹೂ ಬಿಡುವ ಹೊತ್ತಿನಲ್ಲಿ ಅವರೆ ಗಿಡವೊಂದನ್ನು ಮಣ್ಣು ಸಮೇತ ಎಬ್ಬಿಸಿ, ಬೇರಿನ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಕಾಣುತ್ತದೆ. ಗಂಟಿನೊಳಗಿನ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿಯುತ್ತಿದೆ ಎಂಬುದಕ್ಕೆ ಅದೇ ಗುರುತು. (ಆ ಸಾರಜನಕವೆಲ್ಲ ಅದೇ ವರ್ಷದ ರಾಗಿಗೆ ಸಿಕ್ಕಿಬಿಡುತ್ತದೆ ಎನ್ನುವುದು ಮಾತ್ರ ಉತ್ಪ್ರೇಕ್ಷೆ. ಉದುರಿದ ಎಲೆ, ಉಳಿದ ಬೇರು ಕೊಳೆತ ಮೇಲೆ ಹೆಚ್ಚಿನ ಪಾಲು ದಕ್ಕುವುದು ಮುಂದಿನ ಬೆಳೆಗೆ.)

ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಇಲ್ಲವೇ ಒಂದು ಸಾಲು ಅವರೆ ಎಂಬುದು ಕೃಷಿ ವಿಜ್ಞಾನಿಗಳ ಬಹುಕಾಲದ ಶಿಫಾರಸು. ಒಂದಡಿ ಅಂತರದಲ್ಲಿ ಬಿತ್ತಿದರೆ ಎಂಟು ಸಾಲಿಗೆ ಸುಮಾರು ಎಂಟಡಿ ಅಗಲವಷ್ಟೇ ಸಿಗುತ್ತದೆ. ಊರಿಗೆ ಬಾಡಿಗೆಗೆ ಬರುವ ಯಂತ್ರದ ಬಾಯಿ ಅದಕ್ಕಿಂತ ಅಗಲವಾಗಿದ್ದರೆ ಶಿಫಾರಸು ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ಕೃಷಿ ಇಲಾಖೆಯು ಯಂತ್ರದ ಅಳತೆಗೆ ಹೊಂದುವಂತೆ ರಾಗಿಯ ಪಟ್ಟೆಯನ್ನು ಅಗಲಗೊಳಿಸಿ, ನಡುನಡುವೆ ಅಕ್ಕಡಿ ಬಿಟ್ಟ ಪ್ರಾತ್ಯಕ್ಷಿಕೆಗಳನ್ನು ರೈತರ ಹೊಲಗಳಲ್ಲೇ ಏರ್ಪಡಿಸಬೇಕು. ಅಂಥ ಹೊಲಕ್ಕೆ ಕಳೆನಾಶಕದ ಬದಲು ಎಡೆಕುಂಟೆ ಹಾಯಿಸುವವರಿಗೆ ಅದರ ಖರ್ಚಿನಲ್ಲಿ ಒಂದು ಪಾಲನ್ನಾದರೂ ಕೊಡಬೇಕು.

ರೈತ ಸಂಪರ್ಕ ಕೇಂದ್ರಗಳಲ್ಲಿ ಸಹಾಯಧನದ ರಾಗಿ ಬೀಜದ ಚೀಲದೊಂದಿಗೆ ಅಕ್ಕಡಿಗೆ ಬೇಕಾದ ಕಾಳುಗಳ ಸಣ್ಣ ಪೊಟ್ಟಣವನ್ನೂ ಕೊಡಲಿ. ಅದರಲ್ಲಿ ಎಲ್ಲ ಕಾಲಕ್ಕೂ ಹೂ ಬಿಡುವ ಹೆಬ್ಬಾಳ ಅವರೆಯನ್ನು ತುಂಬಬೇಡಿ. ತರಕಾರಿಗೆ ಅದು ಸರಿಯೇ, ಆದರೆ ಅಕ್ಕಡಿಗೆ ಬೇಕಾದದ್ದು ಹಗಲು ಕಿರಿದಾಗುವವರೆಗೆ ಕಾದು ಹೂ ಬಿಟ್ಟು, ರಾಗಿ ಕೊಯ್ದ ಮೇಲೆ ಮಾಗಿಯ ಇಬ್ಬನಿಗೆ ಕಾಯಿ ತುಂಬುವ ಸೊಗಡಿನ ನಾಟಿ ಅವರೆ.

– ಒಬ್ಬ ರೈತ, ಮಾಗಡಿ ತಾಲ್ಲೂಕು