ರಕ್ಷಿಸುವವರೂ ಆಕೆಯ ಒಪ್ಪಿಗೆ ಕೇಳಬೇಕು

ಮಾನ್ಯ ಸಂಪಾದಕರೇ,

ವೇಶ್ಯಾವಾಟಿಕೆಯ ಆರೋಪದ ಮೇಲೆ ಲಾಡ್ಜ್, ಮಸಾಜ್ ಪಾರ್ಲರ್ ಅಥವಾ ಬಾಡಿಗೆ ಮನೆಯ ಮೇಲೆ ಪೊಲೀಸರು ದಾಳಿ ನಡೆಸಿ ‘ಯುವತಿಯರನ್ನು ರಕ್ಷಿಸಲಾಗಿದೆ’ ಎಂಬ ಸುದ್ದಿಗಳು ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತಿರುತ್ತವೆ. ಬಂಧಿತರ ಹೆಸರು, ವಶಪಡಿಸಿಕೊಂಡ ನಗದು, ಮೊಬೈಲ್‌ಗಳ ಸಂಖ್ಯೆ, ದಾಳಿಯ ನೇತೃತ್ವ ವಹಿಸಿದ ಅಧಿಕಾರಿಯ ಹೆಸರು ಎಲ್ಲವೂ ಅವುಗಳಲ್ಲಿರುತ್ತವೆ. ಆ ಹೆಂಗಸರನ್ನು ಅನಂತರ ಎಲ್ಲಿಗೆ ಕಳುಹಿಸಲಾಯಿತು, ಅಲ್ಲಿಗೆ ಹೋಗಲು ಅವರು ಒಪ್ಪಿದ್ದರೇ ಎಂಬುದನ್ನು ನಾನಂತೂ ಓದಿದ ನೆನಪಿಲ್ಲ.

1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯು ವಯಸ್ಕ ಮಹಿಳೆ ಸ್ವಇಚ್ಛೆಯಿಂದ ಲೈಂಗಿಕ ವೃತ್ತಿಯಲ್ಲಿರುವುದನ್ನೇ ಅಪರಾಧವೆಂದು ಹೇಳುವುದಿಲ್ಲ. ವೇಶ್ಯಾಗೃಹ ನಡೆಸುವುದು, ಮತ್ತೊಬ್ಬರನ್ನು ಇದಕ್ಕೆ ದೂಡುವುದು, ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಗಳನ್ನು ಕರೆಯುವುದು, ಆಕೆಯ ಗಳಿಕೆಯ ಮೇಲೆ ಬದುಕುವುದು ಅಪರಾಧ. (ಈ ಕೊನೆಯ ಕಲಮಿನ ಪ್ರಕಾರ, ತಾಯಿಯ ದುಡಿಮೆಯಲ್ಲಿ ಓದುತ್ತಿರುವ ಮಗನೂ 18 ದಾಟಿದೊಡನೆ ಆರೋಪಿಯಾಗಬಹುದು.) ಆದರೆ ಅದೇ ಕಾಯ್ದೆಯ 17ನೇ ಕಲಮಿನಡಿ, ದಾಳಿಯಲ್ಲಿ ಸಿಕ್ಕ ಮಹಿಳೆಯನ್ನು ಮ್ಯಾಜಿಸ್ಟ್ರೇಟರು ವಿಚಾರಣೆಯ ಬಳಿಕ 1ರಿಂದ 3 ವರ್ಷಗಳವರೆಗೆ ಸಂರಕ್ಷಣಾ ಗೃಹದಲ್ಲಿರಿಸಲು ಆದೇಶಿಸಬಹುದು. ವೇಶ್ಯಾಗೃಹ ನಡೆಸುತ್ತಿದ್ದವನು ಜಾಮೀನಿಗೆ ಅರ್ಜಿ ಹಾಕುತ್ತಾನೆ. ಆಕೆ ಆರೋಪಿಯೇ ಅಲ್ಲವಾದ್ದರಿಂದ ಜಾಮೀನು ಕೇಳುವ ಮಾತೂ ಇಲ್ಲ.

ಸುಪ್ರೀಂ ಕೋರ್ಟು ಬುದ್ಧದೇವ್ ಕರ್ಮಸ್ಕರ್ ಪ್ರಕರಣದಲ್ಲಿ 2022ರ ಮೇ 19ರಂದು ನೀಡಿದ ಆದೇಶವು ಈ ಅಸಂಗತವನ್ನು ಗುರುತಿಸಿತ್ತು. ಕೊಡಗಿನವರೇ ಆದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರೂ ಇದ್ದ ಆ ಪೀಠವು, ಇಚ್ಛೆಗೆ ವಿರುದ್ಧವಾಗಿ ಸಂರಕ್ಷಣಾ ಗೃಹಗಳಲ್ಲಿರುವ ವಯಸ್ಕ ಮಹಿಳೆಯರನ್ನು ಸಮೀಕ್ಷೆಯಿಂದ ಗುರುತಿಸಿ ಕಾಲಮಿತಿಯಲ್ಲಿ ಬಿಡುಗಡೆಗೆ ಕ್ರಮ ಕೈಗೊಳ್ಳಬೇಕು, ಕಾಂಡೋಮನ್ನು ಅಪರಾಧದ ಸಾಕ್ಷ್ಯವೆಂದು ಪರಿಗಣಿಸಬಾರದು, ದಾಳಿಯ ವರದಿಗಳಲ್ಲಿ ಮಹಿಳೆಯರ ಗುರುತು ಬಯಲಾಗದಂತೆ ಮಾಧ್ಯಮಗಳು ಎಚ್ಚರ ವಹಿಸಬೇಕು ಎಂಬ ಶಿಫಾರಸುಗಳನ್ನು ಪಾಲಿಸುವಂತೆ ರಾಜ್ಯಗಳಿಗೆ ನಿರ್ದೇಶಿಸಿತು. ಅದಕ್ಕೂ ಮುನ್ನ, 2020ರಲ್ಲಿ, ಬಾಂಬೆ ಹೈಕೋರ್ಟು ಹೀಗೆ ಇರಿಸಲಾಗಿದ್ದ ಮೂವರು ವಯಸ್ಕ ಯುವತಿಯರನ್ನು ಬಿಡುಗಡೆ ಮಾಡಿತ್ತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸಾಲಾಗಿ ನಿಂತವರ ಚಿತ್ರಗಳು ಆದರೂ ನಿಂತಿಲ್ಲ; ತಮ್ಮ ಪತ್ರಿಕೆಯಾದರೂ ಅವನ್ನು ಕೈಬಿಡಬೇಕು.

ಬಡತನದಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎನ್ನುವವರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಲವಂತವೆಂದರೆ ಬೀಗ ಹಾಕಿದ ಕೋಣೆಯೊಂದೇ ಅಲ್ಲ. ಮುಂಗಡವಾಗಿ ಕೊಟ್ಟು ಎಂದಿಗೂ ತೀರದಂತೆ ಬಡ್ಡಿ ಏರಿಸುವ ಸಾಲ, ಕಸಿದಿಟ್ಟುಕೊಂಡ ಆಧಾರ್ ಕಾರ್ಡ್, ಊರಿಗೆ ವಿಡಿಯೊ ಕಳುಹಿಸುವ ಬೆದರಿಕೆ ಇವೆಲ್ಲವೂ ಬಲವಂತವೇ. ನಮ್ಮ ಉತ್ತರ ಕರ್ನಾಟಕದಲ್ಲಿ ಎಳೆಯ ಹುಡುಗಿಗೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಟ್ಟಾಗ ಆಕೆಯನ್ನು ಕೇಳಿದವರು ಯಾರು? ರಾಜ್ಯದಲ್ಲಿ 1982ರಲ್ಲೇ ನಿಷೇಧ ಕಾಯ್ದೆ ಬಂದರೂ 1993–94 ಮತ್ತು 2007–08ರ ಸಮೀಕ್ಷೆಗಳಲ್ಲಿ ಗುರುತಿಸಲಾದವರು ಒಟ್ಟು 46,660 ಮಂದಿ. ಅಪ್ರಾಪ್ತರ ವಿಷಯದಲ್ಲಿ ಒಪ್ಪಿಗೆಯ ಪ್ರಶ್ನೆಯೇ ಏಳದು. ವಂಚನೆ, ಬೆದರಿಕೆಗಳಿಂದ ಸಾಗಿಸಿ ತಂದವರ ವಿಷಯದಲ್ಲೂ, ಸಂತ್ರಸ್ತೆ ಒಪ್ಪಿದ್ದಳೆಂಬ ವಾದವನ್ನು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು ಮಾನ್ಯ ಮಾಡುವುದಿಲ್ಲ. ಇಂಥ ಕಡೆ ಪೊಲೀಸರು ಬಾಗಿಲು ಒಡೆದು ಒಳಗೆ ಹೋಗಲಿ, ತಡವೂ ಮಾಡದಿರಲಿ.

ಉಳಿದವರ ವಿಷಯದಲ್ಲಿ, ಆಕೆ ಒಮ್ಮೆ ಹೂಂ ಎಂದಳೇ ಎಂಬುದಕ್ಕಿಂತ, ಇಂದು ಬೇಡ ಎನ್ನಬಲ್ಲಳೇ ಎಂದು ನೋಡಬೇಕೆಂಬುದು ನನ್ನ ಅಭಿಪ್ರಾಯ. ಗಿರಾಕಿಗೆ, ಕಾಂಡೋಮ್ ಇಲ್ಲದೆ ಬರುವವನಿಗೆ, ಸಾಲ ಕೊಟ್ಟವಳಿಗೆ, ನಾಳೆ ಈ ವೃತ್ತಿಯನ್ನೇ ಬಿಡುತ್ತೇನೆಂದು ಮನೆ ನಡೆಸುವವನಿಗೆ ಆಕೆ ಹಾಗೆ ಹೇಳಲಾಗದಿದ್ದರೆ ಅಲ್ಲಿರುವುದು ಒಪ್ಪಿಗೆಯಲ್ಲ. ಮೈಸೂರಿನ ಆಶೋದಯದಂತಹ, ಲೈಂಗಿಕ ವೃತ್ತಿನಿರತರೇ ಕಟ್ಟಿಕೊಂಡ ಸಂಘಟನೆಗಳು ನಿರಾಕರಿಸುವ ಈ ಬಲವನ್ನೇ ಹೆಚ್ಚಿಸಲು ಯತ್ನಿಸಿವೆ. ಇದೇ ಅಳತೆಗೋಲು ಸರ್ಕಾರಕ್ಕೂ ಅನ್ವಯಿಸಬೇಕಲ್ಲವೇ? ರಾಜ್ಯ ಮಹಿಳಾ ನಿಲಯದ ಗೇಟಿನಲ್ಲಿ ವಯಸ್ಕಳೊಬ್ಬಳು ‘ನನಗೆ ಇಲ್ಲಿರುವುದು ಬೇಡ, ಮಕ್ಕಳಿದ್ದಾರೆ, ಮನೆಗೆ ಹೋಗಬೇಕು’ ಎಂದಾಗ, ಆ ಮಾತನ್ನು ‘ದಿಕ್ಕು ತಪ್ಪಿದವಳ’ ಮಾತೆಂದು ತಳ್ಳಿಹಾಕುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಕಾಯ್ದೆ ತಿದ್ದುಪಡಿಯಾಗುವವರೆಗೆ ಕಾಯಬೇಕಿಲ್ಲ. ಮ್ಯಾಜಿಸ್ಟ್ರೇಟರು ಐವರು ಗೌರವಾನ್ವಿತರ ಸಮಿತಿಯ ನೆರವು ಪಡೆಯಲು, ಸಾಧ್ಯವಾದಷ್ಟು ಅದರಲ್ಲಿ ಮೂವರು ಮಹಿಳೆಯರಿರಲು 17ನೇ ಕಲಮಿನಲ್ಲೇ ಅವಕಾಶವಿದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು 2022ರ ನಿರ್ದೇಶನದಂತೆ ನಡೆಸಬೇಕಾದ ಸಮೀಕ್ಷೆಯ ಫಲಿತಾಂಶವನ್ನು, ಹೆಸರುಗಳನ್ನು ಬಿಟ್ಟು, ಸಾರ್ವಜನಿಕರ ಮುಂದಿಡಲಿ. ಯಾವುದೇ ಆದೇಶಕ್ಕೆ ಮುನ್ನ, ಪೊಲೀಸರಾಗಲಿ ಸಂಸ್ಥೆಗಳ ಕಾರ್ಯಕರ್ತರಾಗಲಿ ಎದುರಿಗಿಲ್ಲದಂತೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರೊಬ್ಬರು ಪ್ರತಿ ಮಹಿಳೆಯೊಡನೆ ಪ್ರತ್ಯೇಕವಾಗಿ ಮಾತನಾಡಲಿ. ಆಕೆ ಬಂಗಾಳಿ ಅಥವಾ ಹಿಂದಿ ಮಾತ್ರ ಬಲ್ಲವಳಾಗಿದ್ದರೆ ಜತೆಗೊಬ್ಬ ದುಭಾಷಿಯೂ ಇರಲಿ.

ಇತಿ ತಮ್ಮ ವಿಶ್ವಾಸಿ,
ಓರ್ವ ವಕೀಲೆ, ಧಾರವಾಡ